ಗೋವಾದಲ್ಲಿ ಎರಡನೇ ಹೋಮ್‌ಸ್ಟೇ ತಗೊಳ್ಳುವ ಮುಂಚೆ

"ಒಂದು ಫ್ಲಾಟ್ ಚೆನ್ನಾಗಿ ಓಡ್ತಾ ಇದೆ. ಇನ್ನೊಂದು ತಗೊಳ್ಳೋಣ ಅಂತಿದ್ದೀವಿ. ನಿಮಗೇನನ್ಸುತ್ತೆ?"

ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಬಂದು ಇಲ್ಲಿ ಫ್ಲಾಟ್ ಮಾಡಿ ದಿನದ ಬಾಡಿಗೆಗೆ ಬಿಟ್ಟವರು ಯಾರಾದರೂ ಒಬ್ಬರು ಪ್ರತಿ ತಿಂಗಳೂ ಇದನ್ನು ಕೇಳುತ್ತಾರೆ. ನಾನು ವಾಸ್ಕೊ ಪಕ್ಕದ ಚಿಕಾಲಿಂನಲ್ಲಿ ಮೂರು ಮನೆ ನಡೆಸುತ್ತೇನೆ. ಊರು ಕುಮಟಾ. ನಮ್ಮ ಮನೆಯವರ ಕೆಲಸದ ಸಲುವಾಗಿ ಇಲ್ಲಿಗೆ ಬಂದು ಇಲ್ಲೇ ಉಳಿದವರು ನಾವು. 2019ರಲ್ಲಿ ಒಂದು ಮನೆಯಿಂದ ಶುರು ಮಾಡಿದೆ. ಎರಡಕ್ಕೆ ಹೋಗಿ ಸೋತೆ. ವಾಪಸ್ ಒಂದಕ್ಕೆ ಬಂದೆ. ಈಗ ಮೂರಕ್ಕೆ ನಿಂತಿದ್ದೇನೆ, ನಾಲ್ಕನೆಯದು ಬೇಡ ಅಂತ ತೀರ್ಮಾನವಾಗಿದೆ.

ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ನಿಮಗೆ ತಿಂಗಳಿಗೆ ಎಷ್ಟು ಚೆಕ್‌ಔಟ್, ಅಂದರೆ ಎಷ್ಟು ಸಲ ಅತಿಥಿ ಮನೆ ಖಾಲಿ ಮಾಡುತ್ತಾರೆ? ಎಷ್ಟು ರಾತ್ರಿ ಬುಕ್ ಆಯಿತು ಅನ್ನುವುದು ಎಲ್ಲರಿಗೂ ಬಾಯಿಪಾಠ. ಎಷ್ಟು ದುಡ್ಡು ಬಂತು ಅನ್ನುವುದಂತೂ ಪೈಸೆ ಸಮೇತ ಗೊತ್ತು. ಚೆಕ್‌ಔಟ್ ಎಣಿಸಿದವರು ಸಿಗುವುದಿಲ್ಲ. ನಮ್ಮ ಸೊಂಟ ಮುರಿಯುವುದು ಮಾತ್ರ ಚೆಕ್‌ಔಟ್ ಲೆಕ್ಕದಲ್ಲೇ. ಅದಕ್ಕೇ ಈ ಹೋಲಿಕೆಯನ್ನೆಲ್ಲ ಆ ಅಳತೆಯಲ್ಲೇ ಮಾಡುತ್ತೇನೆ.

ಒಂದು ರಾತ್ರಿಯಾ, ಮೂರು ರಾತ್ರಿಯಾ?

ಒಂದು ಚೆಕ್‌ಔಟ್ ಅಂದರೆ ಏನು ಅಂತ ಮೊದಲು ನೋಡೋಣ. ಅತಿಥಿ 11 ಗಂಟೆಗೆ ಹೊರಡಬೇಕು, 11:25ಕ್ಕೆ ಹೊರಡುತ್ತಾರೆ. ಮುಂದಿನವರು 2 ಗಂಟೆಗೆ ಬರಬೇಕು. 1 ಗಂಟೆಗೇ ಗೇಟಿನ ಹತ್ತಿರ ನಿಂತು "ಬ್ಯಾಗ್ ಆದ್ರೂ ಇಟ್ಟು ಹೋಗ್ತೀವಿ" ಅಂತಾರೆ. ನಡುವೆ ಉಳಿದದ್ದು ಒಂದೂವರೆ ಗಂಟೆ. ಅಷ್ಟರಲ್ಲಿ ಹಾಸಿಗೆ ಬಟ್ಟೆ ಬದಲಾಗಬೇಕು, ಬಚ್ಚಲು ಒಣಗಬೇಕು, ಫ್ರಿಜ್ಜಿನಲ್ಲಿ ಬಿಟ್ಟುಹೋದ ಅರ್ಧ ಬಿರಿಯಾನಿ ಹೊರಗೆ ಹೋಗಬೇಕು.

ಎಲ್ಲಕ್ಕಿಂತ ದೊಡ್ಡ ಕಾಟ ಮರಳು. ಬೋಗ್ಮಾಳೊ ಬೀಚಿನ ಮರಳು ಚಾದರದ ಮಡಿಕೆಯಲ್ಲಿ ಇರುತ್ತದೆ, ಸೋಫಾದ ಸಂದಿಯಲ್ಲಿ ಇರುತ್ತದೆ, ಬಚ್ಚಲ ಜಾಲರಿ ಕೆಳಗೆ ಗಟ್ಟಿಯಾಗಿ ಕೂತಿರುತ್ತದೆ. ಚಾದರ ಕೊಡವದೆ ವಾಷಿಂಗ್ ಮಷಿನ್‌ಗೆ ಹಾಕಿದರೆ ಮಷಿನ್ ಕೆಡುತ್ತದೆ. ಬಾಲ್ಕನಿಯಲ್ಲಿ ಕೊಡವಿದರೆ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಬೀಳುತ್ತದೆ, ಆಮೇಲೆ ಅವರ ಬಾಯಿಗೆ ನಾವು ಬೀಳುತ್ತೇವೆ. ನಾನು ಬಾಗಿಲ ಹೊರಗೆ ಒಂದು ಬಕೆಟ್ ನೀರು, ಒಂದು ಮಗ್, ಒರಟಾದ ಕಾಲೊರೆಸು ಇಟ್ಟೆ. ಒಂದೊಂದು ಚೆಕ್‌ಔಟ್‌ಗೆ ಇಪ್ಪತ್ತು ನಿಮಿಷ ಉಳಿಯಿತು. ಹಾಲಿನಲ್ಲಿ ತೂಗುಹಾಕಿರುವ ಬೆತ್ತದ ದೀಪಕ್ಕಿಂತ ಆ ಬಕೆಟ್ ನನಗೆ ಜಾಸ್ತಿ ದುಡಿದು ಕೊಟ್ಟಿದೆ.

ಈಗ ದುಡ್ಡಿನ ಲೆಕ್ಕ. ಒಂದು ಬೆಡ್‌ರೂಮಿನ ಫ್ಲಾಟ್, ರಾತ್ರಿಗೆ ಸರಾಸರಿ 3,000 ರೂಪಾಯಿ ಅಂತಿಟ್ಟುಕೊಳ್ಳಿ. ಪ್ರತಿ ಚೆಕ್‌ಔಟ್‌ಗೆ ಗುಡಿಸಿ ಒರೆಸಲು 500, ಲಾಂಡ್ರಿಗೆ 300, ಸಾಬೂನು, ನೀರಿನ ಬಾಟಲಿ, ಚಹಾಪುಡಿಗೆ 100. ಒಟ್ಟು 900.

ಒಂದೊಂದೇ ರಾತ್ರಿ ಬರುವವರನ್ನು ತಗೊಂಡು 15 ರಾತ್ರಿ ತುಂಬಿಸಿದಿರಿ. 45,000 ಬಂತು. 15 ಚೆಕ್‌ಔಟ್‌ಗೆ 13,500 ಹೋಯಿತು. ಉಳಿದದ್ದು 31,500.

ಇನ್ನೊಬ್ಬರು ಕನಿಷ್ಠ ಮೂರು ರಾತ್ರಿ ಅಂತ ಇಟ್ಟರು. ಮೂರು ರಾತ್ರಿ ಖಾಲಿ ಬಿದ್ದವು, 12 ರಾತ್ರಿ ಮಾತ್ರ ತುಂಬಿತು. 36,000 ಬಂತು. ನಾಲ್ಕೇ ಚೆಕ್‌ಔಟ್, 3,600 ಖರ್ಚು. ಉಳಿದದ್ದು 32,400.

ಕಡಿಮೆ ರಾತ್ರಿ ತುಂಬಿಸಿದವರ ಕೈಯಲ್ಲೇ 900 ರೂಪಾಯಿ ಜಾಸ್ತಿ ಉಳಿಯಿತು. ಕೆಲಸ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಚೆಕ್‌ಔಟ್‌ಗೆ ಎಷ್ಟು ಉಳಿಯಿತು ಅಂತ ಭಾಗಿಸಿ ನೋಡಿ. ಮೊದಲನೆಯವರಿಗೆ 2,100, ಎರಡನೆಯವರಿಗೆ 8,100. ಎರಡನೇ ಮನೆಯ ಮಾತು ಎತ್ತುವ ಮುಂಚೆ ಮೊದಲ ಮನೆಯಲ್ಲಿ ಈ ಒಂದು ಸಂಖ್ಯೆ ಮೇಲೆ ಹೋಗಬೇಕು.

ಹಾಗಂತ ಮೂರು ರಾತ್ರಿಯ ಹಟ ಎಲ್ಲ ಕಾಲಕ್ಕೂ ನಡೆಯುವುದಿಲ್ಲ. ಬೆಳಗಾವಿಯವರು ಚೋರ್ಲಾ ಘಾಟ್ ಇಳಿದು ಶುಕ್ರವಾರ ರಾತ್ರಿ ಬರುತ್ತಾರೆ, ಭಾನುವಾರ ಊಟ ಮುಗಿಸಿ ಹತ್ತುತ್ತಾರೆ. ಅವರಿಗೆ ಮೂರು ರಾತ್ರಿ ಅಂದರೆ ಪಕ್ಕದ ಮನೆಗೆ ಹೋಗುತ್ತಾರೆ. ನಾನು ವಾರಾಂತ್ಯಕ್ಕೆ ಎರಡು, ಉಳಿದ ದಿನಕ್ಕೆ ಮೂರು ಅಂತ ಇಟ್ಟಿದ್ದೇನೆ. ಎರಡು ಬುಕಿಂಗ್ ನಡುವೆ ಒಂದೇ ರಾತ್ರಿ ಸಿಕ್ಕಿಕೊಂಡರೆ ಅದನ್ನು ಖಾಲಿಯೇ ಬಿಡುತ್ತೇನೆ. ನಮ್ಮ ಮನೆಯವರಿಗೆ ಇದು ಈಗಲೂ ಹೊಟ್ಟೆ ಉರಿಯುವ ವಿಷಯ.

ಎರಡನೆಯದು ದೂರವಾ, ಹತ್ತಿರವಾ?

ಇಲ್ಲಿ ನಾನು ಸೋತದ್ದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಉತ್ತರ ಗೋವಾದ ಮೋಪಾ ವಿಮಾನ ನಿಲ್ದಾಣ 2023ರ ಜನವರಿಯಲ್ಲಿ ಶುರುವಾಯಿತು. ಇನ್ನು ಜನವೆಲ್ಲ ಉತ್ತರಕ್ಕೇ ಹೋಗುತ್ತಾರೆ, ನಮ್ಮ ಪಕ್ಕದ ದಾಬೋಳಿಯ ಹಳೇ ನಿಲ್ದಾಣದ ಕಡೆ ಯಾರೂ ತಿರುಗಿ ನೋಡುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದೆ. ಪೆಡ್ಣೆ ತಾಲೂಕಿನ ಮಾಂದ್ರೆಯಲ್ಲಿ ಒಂದು ಫ್ಲಾಟನ್ನು 11 ತಿಂಗಳ ಕರಾರಿಗೆ ಹಿಡಿದೆ. ಜುವಾರಿ ನದಿಗೆ ಹೊಸ ಸೇತುವೆ ಬೇರೆ ಆಗಿತ್ತಲ್ಲ, ದೂರ ಏನು ಮಹಾ ಅನ್ನಿಸಿತ್ತು. ನಮ್ಮ ಮನೆಯಿಂದ ಒಂದೂವರೆ ಗಂಟೆ. ದಾರಿಯಲ್ಲಿ ಪರ್ವರಿಯ ಟ್ರಾಫಿಕ್‌ನಲ್ಲಿ ಗಾಡಿ ನಿಂತರೆ ಎರಡು.

ಒಂದು ರಾತ್ರಿ ಹತ್ತೂ ಮುಕ್ಕಾಲಿಗೆ ಫೋನ್. ನೀರು ಬರ್ತಿಲ್ಲ. ಟ್ಯಾಂಕರ್‌ನವನಿಗೆ ಮಾಡಿದರೆ ಎತ್ತಲಿಲ್ಲ. ಅಲ್ಲಿನ ವಾಚ್‌ಮನ್ ಊರಿಗೆ ಹೋಗಿದ್ದ. ಗಂಡ ಹೆಂಡತಿ ಇಬ್ಬರೂ ಕಾರು ಹತ್ತಿದೆವು. ಹನ್ನೆರಡೂ ಕಾಲಿಗೆ ಮುಟ್ಟಿ, ಟೆರೇಸ್ ಹತ್ತಿ, ಮೊಬೈಲ್ ಬೆಳಕಿನಲ್ಲಿ ನೋಡಿದರೆ ನಮ್ಮ ಪೈಪಿನ ವಾಲ್ವ್ ಯಾರೋ ಮುಚ್ಚಿದ್ದರು. ತಿರುಗಿಸಿದೆ, ನೀರು ಬಂತು. ಎರಡು ನಿಮಿಷದ ಕೆಲಸ, ಮೂರು ಗಂಟೆಯ ರಸ್ತೆ. ಮನೆಗೆ ಬಂದಾಗ ಎರಡು ಗಂಟೆ. ಬೆಳಿಗ್ಗೆ 11ಕ್ಕೆ ಚಿಕಾಲಿಂನಲ್ಲಿ ಚೆಕ್‌ಔಟ್ ಇತ್ತು. ಅತಿಥಿ ರಿವ್ಯೂನಲ್ಲಿ "ನೀರಿನ ಸಮಸ್ಯೆ ಇದೆ" ಅಂತ ಬರೆದರು. ಅವರದ್ದೇನೂ ತಪ್ಪಿಲ್ಲ ಬಿಡಿ.

ಏಳನೇ ತಿಂಗಳ ಹೊತ್ತಿಗೆ ಬುಕಿಂಗ್ ಬಂತು ಅಂದರೆ ಖುಷಿಯಾಗುವ ಬದಲು ಬೇಜಾರಾಗತೊಡಗಿತು. ಆ್ಯಪ್‌ನ ಟಿಂಗ್ ಅನ್ನುವ ಸದ್ದು ಬಸ್ಸಿನಲ್ಲಿ ಬೇರೆ ಯಾರದ್ದೋ ಫೋನಿನಲ್ಲಿ ಕೇಳಿದರೂ ಎದೆ ಧಸಕ್ಕೆನ್ನುತ್ತಿತ್ತು. ಕರಾರು ಮುಗಿದ ದಿನವೇ ಕೀಲಿ ಕೊಟ್ಟು ಬಂದೆ.

ದೂರದ ಮನೆಯ ಪರವಾಗಿ ಒಂದು ವಾದ ಇದೆ. ಒಂದು ಕಡೆ ಜನ ಕಡಿಮೆಯಾದರೆ ಇನ್ನೊಂದು ಕಡೆ ಬರುತ್ತಾರೆ ಅನ್ನುವುದು. ಇಪ್ಪತ್ತು ಮನೆ ಇರುವವರಿಗೆ ಅದು ಸರಿ ಇರಬಹುದು. ಎರಡೇ ಮನೆ ಇರುವವರಿಗೆ ಎರಡು ಕಡೆ ಎರಡು ಪ್ಲಂಬರ್, ಎರಡು ಲಾಂಡ್ರಿ, ಎರಡು ಕಸದ ವ್ಯವಸ್ಥೆ, ಅಷ್ಟೇ ಲಾಭ. ಮಾಂದ್ರೆಯ ಮಂಚ ಐದು ಅಡಿಯದು, ಚಿಕಾಲಿಂನದು ಆರು ಅಡಿ. ಚಾದರ ಕೂಡ ಅದಲು ಬದಲು ಆಗುತ್ತಿರಲಿಲ್ಲ.

ಈಗ ಮೂರೂ ಮನೆ ನಡೆದು ಹೋಗುವ ದೂರದಲ್ಲಿವೆ. ಎರಡು ಒಂದೇ ಕಟ್ಟಡದಲ್ಲಿ, ಮೂರನೆಯದು ಚಪ್ಪಲಿ ಹಾಕಿಕೊಂಡು ಹತ್ತು ನಿಮಿಷ. ಎಲ್ಲ ಮಂಚ ಒಂದೇ ಅಳತೆ, ಎಲ್ಲ ಚಾದರ ಬಿಳಿ. ಒಂದು ಮಂಚಕ್ಕೆ ಮೂರು ಜೊತೆ ಬೇಕು: ಹಾಸಿದ್ದು ಒಂದು, ಒಗೆಯಲು ಹೋದದ್ದು ಒಂದು, ಕಪಾಟಿನಲ್ಲಿ ಒಂದು. ಮಳೆಗಾಲಕ್ಕೆ ನಾಲ್ಕು. ಹತ್ತಿರದ ಮನೆಗೂ ಒಂದು ತೊಂದರೆ ಇದೆ. ಒಂದೇ ಕಟ್ಟಡದಲ್ಲಿ ಎರಡನೇ ಮನೆ ಶುರು ಮಾಡಿದರೆ ಸೊಸೈಟಿಯವರ ಕಣ್ಣು ಕೆಂಪಾಗುತ್ತದೆ. ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಬಾಯಿಮಾತಿನ ಒಪ್ಪಿಗೆ ಮೊದಲ ಗಲಾಟೆಯ ತನಕ ಮಾತ್ರ.

ಕೊಂಡುಕೊಳ್ಳುವುದಾ, ಕರಾರಿಗೆ ಹಿಡಿಯುವುದಾ ಅನ್ನುವುದರ ಬಗ್ಗೆ ಒಂದೇ ಮಾತು. ಕಂತಿಗೂ ಬಾಡಿಗೆಗೂ ಮಳೆಗಾಲದ ರಜೆ ಇಲ್ಲ. ಮೂರನೇ ಮನೆಯನ್ನು ನಾನು ಮಾಲೀಕರ ಜೊತೆ ಪಾಲಿನ ಮೇಲೆ ನಡೆಸುತ್ತೇನೆ. ಬಂದದ್ದರಲ್ಲಿ ಅವರಿಗೆ ಇಷ್ಟು, ನನಗೆ ಇಷ್ಟು. ಜುಲೈನಲ್ಲಿ ಕಡಿಮೆ ಬಂದರೆ ಇಬ್ಬರಿಗೂ ಕಡಿಮೆ. ಬಾಡಿಗೆಗೆ ಹಿಡಿದರೂ ಪಾಲಿಗೆ ಹಿಡಿದರೂ, ಅತಿಥಿಗಳಿಗೆ ಬಿಡಲು ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಬರೆದಿರಬೇಕು.

ಕೆಲಸ ಯಾರು ಮಾಡೋದು?

ಮೂರು ದಾರಿ ಇವೆ. ನೀವೇ ನೋಡಿಕೊಂಡು ಗುಡಿಸಿ ಒರೆಸಲು ಮಾತ್ರ ಜನ ಕರೆಯುವುದು. ಸಂಬಳಕ್ಕೆ ಗಂಡ ಹೆಂಡತಿಯ ಒಂದು ಜೋಡಿಯನ್ನು ಇಟ್ಟುಕೊಳ್ಳುವುದು. ಇಲ್ಲ, ಮನೆ ನಡೆಸಿಕೊಡುವ ಒಂದು ಕಂಪನಿಗೆ ಪೂರ್ತಿ ಒಪ್ಪಿಸುವುದು.

ನನ್ನ ಲೆಕ್ಕವನ್ನೇ ಇಡುತ್ತೇನೆ. ಮನೆಯ ಕಂತು, ಬಾಡಿಗೆ, ಲಾಂಡ್ರಿ ಇದರಲ್ಲಿ ಸೇರಿಲ್ಲ. ಒಂದು ಮನೆಗೆ ತಿಂಗಳಿಗೆ 45,000 ಬರುತ್ತದೆ, ಆರು ಚೆಕ್‌ಔಟ್ ಅಂತ ಹಿಡಿಯಿರಿ. ಜೋಡಿಗೆ ನಾನು 22,000 ಸಂಬಳ, 5,000 ಖೋಲಿ ಬಾಡಿಗೆ ಕೊಡುತ್ತೇನೆ. ಒಟ್ಟು 27,000. ಕಂಪನಿಗಳು ನಾನು ವಿಚಾರಿಸಿದ ಕಡೆ ಬಂದದ್ದರಲ್ಲಿ ಶೇ. 20ರಿಂದ 30ರ ತನಕ ಹೇಳಿದರು. ಶೇ. 25 ಅಂತಿರಲಿ. ಗುಡಿಸುವ 500 ಅದರ ಮೇಲೆ ಬೇರೆ.

ಒಂದು ಮನೆ ಇದ್ದಾಗ ನೀವೇ ನೋಡಿಕೊಂಡರೆ 3,000 ಖರ್ಚು. ಕಂಪನಿಗೆ ಕೊಟ್ಟರೆ 14,250. ಜೋಡಿಯ ಮಾತೇ ಬೇಡ.

ಮೂರು ಮನೆ ಇದ್ದಾಗ ಕಂಪನಿಗೆ 42,750. ಜೋಡಿಗೆ ಅದೇ 27,000. ಬಂದ 1,35,000ದಲ್ಲಿ ಐದನೇ ಒಂದು ಭಾಗ.

ಎರಡು ಮನೆ ಇದ್ದಾಗ? ಕಂಪನಿಗೆ 28,500, ಜೋಡಿಗೆ 27,000. ಯಾವ ಕಡೆ ತಿರುಗಿದರೂ ಬಂದದ್ದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಗುತ್ತದೆ. ಅಷ್ಟು ಕೊಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಎರಡು ಮನೆಯವರು ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ, ತಿಂಗಳಿಗೆ ಹನ್ನೆರಡು ಚೆಕ್‌ಔಟ್, ಎರಡು ಕೀಲಿ ಗೊಂಚಲು, ಎರಡು ಗೀಸರ್. ನಾನು ನೋಡಿದ ಹಾಗೆ ಸುಸ್ತಾಗಿ ಬಿಟ್ಟವರಲ್ಲಿ ಬಹುಪಾಲು ಎರಡು ಮನೆಯವರೇ. ಒಂದರಲ್ಲೇ ನೆಮ್ಮದಿಯಾಗಿ ಇರಿ, ಇಲ್ಲವಾದರೆ ವರ್ಷದೊಳಗೆ ಮೂರಕ್ಕೆ ಹೋಗುವ ದಾರಿ ನೋಡಿಕೊಂಡೇ ಎರಡಕ್ಕೆ ಕೈ ಹಾಕಿ.

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತು ನಡೆಸುವವರಿಗೆ ನನ್ನ ಸಲಹೆ ಬೇರೆ. ಕಂಪನಿಗೇ ಕೊಡಿ. ಶೇ. 25 ಹೋಯಿತು ಅಂತ ಕೊರಗಬೇಡಿ. ಆದರೆ ಸಹಿ ಹಾಕುವ ಮುಂಚೆ ಕೆಲವನ್ನು ಕೇಳಿ. ಆ್ಯಪ್‌ನಲ್ಲಿ ಮನೆ ಯಾರ ಖಾತೆಯಲ್ಲಿ ಇರುತ್ತದೆ? ಅವರ ಖಾತೆಯಲ್ಲಿದ್ದರೆ, ನಾಳೆ ನೀವು ಬಿಟ್ಟು ಬಂದಾಗ ರಿವ್ಯೂಗಳೂ ಅವರ ಹತ್ತಿರವೇ ಉಳಿಯುತ್ತವೆ, ನೀವು ಸೊನ್ನೆಯಿಂದ ಶುರು ಮಾಡಬೇಕು. ಇಷ್ಟಕ್ಕಿಂತ ಕಡಿಮೆ ದರಕ್ಕೆ ಕೊಡಬಾರದು ಅಂತ ನೀವು ಹೇಳಬಹುದಾ? ರಿಪೇರಿಗೆ ನಿಮ್ಮನ್ನು ಕೇಳದೆ ಎಷ್ಟರ ತನಕ ಖರ್ಚು ಮಾಡಬಹುದು? ನಮ್ಮ ಪರಿಚಯದವರೊಬ್ಬರು ಈ ಕೊನೆಯದನ್ನು ಕೇಳಿರಲಿಲ್ಲ. ಪ್ರತಿ ತಿಂಗಳೂ ಬಿಲ್ಲಿನಲ್ಲಿ "ನಲ್ಲಿ ರಿಪೇರಿ" ಅಂತ ಒಂದು ಸಾಲು ಬರುತ್ತಿತ್ತು. ಮನೆಯಲ್ಲಿ ಇರುವುದೇ ಐದು ನಲ್ಲಿ, ಬಂದದ್ದು ಎಂಟು ರಿಪೇರಿ.

ಇಲ್ಲೇ ಇದ್ದು ಮೂರು ಮನೆ ಮಾಡುವವರಿಗೆ ಜೋಡಿಯೇ ಸರಿ. ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ವಾಸ್ಕೊದ ಬೈನಾ, ಝುವಾರಿನಗರದ ಕಡೆ ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳಿಂದ ಬಂದು ನೆಲೆಸಿದವರು ಬಹಳ. ನನ್ನ ಹತ್ತಿರ ಇರುವುದು ಬಾದಾಮಿ ಕಡೆಯ ಗಂಡ ಹೆಂಡತಿ. ಆಕೆ ಮನೆ ನೋಡಿಕೊಂಡರೆ ಆತ ಕೀಲಿ, ಗ್ಯಾಸ್, ಲಾಂಡ್ರಿ, ಇನ್ವರ್ಟರ್ ನೀರು. ಬುಧವಾರ ರಜೆ. ನಮ್ಮೂರ ಕಡೆಯವರು, ಹೊಂದಿಕೊಂಡು ಹೋಗ್ತಾರೆ ಅಂತ ಸಂಬಳ ಕಡಿಮೆ ಮಾಡುವವರನ್ನು ನೋಡಿದ್ದೇನೆ. ಅಂಥವರ ಮನೆಯಲ್ಲಿ ಡಿಸೆಂಬರ್ 28ಕ್ಕೆ ಕೆಲಸದವರು ಇರುವುದಿಲ್ಲ.

ಜೋಡಿ ಇಟ್ಟುಕೊಂಡರೆ ಎರಡು ಪಂಚಾಂಗ ನೋಡಬೇಕು, ಅತಿಥಿಗಳದ್ದು ಒಂದು, ಅವರದ್ದು ಒಂದು. ಇದನ್ನು ನಾನು ಕಲಿತದ್ದು 2026ರ ಹೊಸ ವರ್ಷಕ್ಕೆ. ಮೂರೂ ಮನೆ ಭರ್ತಿ ಇತ್ತು. ಜನವರಿ 3, ಶನಿವಾರ, ಮೂರೂ ಖಾಲಿಯಾಗಿ ಅವತ್ತೇ ಮತ್ತೆ ತುಂಬಬೇಕಿತ್ತು. ಡಿಸೆಂಬರ್ ಕೊನೆಯಲ್ಲಿ ಆಕೆ ಬಂದು ಹೇಳಿದಳು:

"ಅಕ್ಕಾರ, ಮೂರನೇ ತಾರೀಕ ಬನದ ಹುಣ್ಣಿಮಿ ಐತ್ರಿ. ಬನಶಂಕರಿ ಜಾತ್ರಿಗೆ ಹೋಗಬೇಕು."

"ಒಂದು ದಿನ ತಡೆದು ನಾಲ್ಕಕ್ಕೆ ಹೋಗ್ರಲ್ಲ" ಅಂದೆ.

"ತೇರು ನಮ್ಮ ಸಲುವಾಗಿ ನಿಂದರತೈತೇನ್ರೀ ಅಕ್ಕಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ನಾನು, ನಮ್ಮ ಮನೆಯವರು, ಪಕ್ಕದ ಮನೆಯ ಹುಡುಗ ಸೇರಿ ಮೂರು ಮನೆ, ಆರು ಹಾಸಿಗೆ, ಮೂರು ಬಚ್ಚಲು ಮುಗಿಸಿದೆವು. ಮೂರನೇ ಮನೆಯ ಅತಿಥಿಗಳು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಅವರಿಗೆ ಚಹಾ ಕೊಟ್ಟು, ಮಧ್ಯೆ ಒಂದು ಸಲ ಸುಮ್ನೆ ಬಚ್ಚಲಲ್ಲಿ ನಿಂತು ಅತ್ತದ್ದೂ ಆಯಿತು. ಗಂಡ ಹೆಂಡತಿ ಜಾತ್ರೆಯಿಂದ ಬರುವಾಗ ನನಗೆ ಒಂದು ಚೀಲ ಕಡಕ್ ರೊಟ್ಟಿ ತಂದಿದ್ದರು. ರಾತ್ರಿಯಿಡೀ ನಾಟಕ ನೋಡಿದೆವು ಅಂತ ಹೇಳುವಾಗ ಇಬ್ಬರ ಮುಖದಲ್ಲೂ ಏನು ಕಳೆ!

ಈಗ ನಾಗರ ಪಂಚಮಿ, ಚೌತಿ, ಬನದ ಹುಣ್ಣಿಮೆ ಮೂರನ್ನೂ ವರ್ಷದ ಮೊದಲೇ ಬರೆದಿಡುತ್ತೇನೆ. ಚೌತಿಗೆ ಇಲ್ಲಿನ ಲಾಂಡ್ರಿಯವನೂ ಸಿಗುವುದಿಲ್ಲ, ಪ್ಲಂಬರನೂ ಸಿಗುವುದಿಲ್ಲ. ಗೋವಾದವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ.

ಮಳೆಗಾಲಕ್ಕೆ: ದಿನದ ಬಾಡಿಗೆಯಾ, ತಿಂಗಳದ್ದಾ?

ಇದರಲ್ಲಿ ಯೋಚಿಸುವುದು ಜಾಸ್ತಿ ಇಲ್ಲ. ಜುಲೈನಲ್ಲಿ ದರ 1,800ಕ್ಕೆ ಇಳಿಸಿದರೂ ನನಗೆ ಎಂಟು ರಾತ್ರಿ ತುಂಬಿದರೆ ದೊಡ್ಡದು. 14,400 ಬಂದು, ಐದು ಚೆಕ್‌ಔಟ್‌ಗೆ 4,500 ಹೋಗುತ್ತದೆ. ಅದೇ ಮನೆಯನ್ನು ತಿಂಗಳಿಗೆ 22,000ಕ್ಕೆ ಕೊಟ್ಟರೆ ಕರೆಂಟು ಅವರದ್ದು, ಚೆಕ್‌ಔಟ್ ಒಂದು. ವಾಸ್ಕೊ ಕಡೆ ಬಂದರು, ಹಡಗು ಕಟ್ಟುವ ಕಾರ್ಖಾನೆ, ನೌಕಾನೆಲೆ ಎಲ್ಲ ಇರುವುದರಿಂದ ಎರಡು ಮೂರು ತಿಂಗಳ ಕೆಲಸಕ್ಕೆ ಬರುವ ಎಂಜಿನಿಯರುಗಳು ಸಿಗುತ್ತಾರೆ. ಬೀಚಿಗೂ ಅವರಿಗೂ ಸಂಬಂಧ ಇಲ್ಲ. ರಾತ್ರಿ ಫೋನ್ ಮಾಡುವುದಿಲ್ಲ. ದೇವರಂಥ ಜನ.

ಮುಖ್ಯವಾಗಿ ಮನೆಯಲ್ಲಿ ಯಾರಾದರೂ ಇರುತ್ತಾರೆ. ಗೋವಾದ ಮಳೆಗಾಲದಲ್ಲಿ ಹದಿನೈದು ದಿನ ಮುಚ್ಚಿದ ಮನೆಯ ಬಾಗಿಲು ತೆಗೆದು ನೋಡಿ. ಕಪಾಟಿನ ಹಿಂಭಾಗಕ್ಕೆ ಹಸಿರು ಬೂಸ್ಟು, ದಿಂಬಿಗೆ ಮುಗ್ಗಲು ವಾಸನೆ. ತಿಂಗಳ ಅತಿಥಿ ಸಿಗದಿದ್ದರೆ ಮೂರು ದಿನಕ್ಕೊಮ್ಮೆ ಹೋಗಿ ಕಿಟಕಿ ತೆಗೆದು, ಒಂದು ಗಂಟೆ ಎಸಿಯನ್ನು ಡ್ರೈ ಮೋಡ್‌ನಲ್ಲಿ ಓಡಿಸಬೇಕು. ಅದೂ ಒಂದು ಕೆಲಸವೇ ಅಲ್ವಾ?

ಹಾಗಾದರೆ ವರ್ಷಪೂರ್ತಿ ತಿಂಗಳ ಲೆಕ್ಕಕ್ಕೇ ಕೊಟ್ಟುಬಿಡಬಾರದಾ? ಕೊಡಬಹುದು, ನೆಮ್ಮದಿಯೂ ಇರುತ್ತದೆ. ಆದರೆ ಡಿಸೆಂಬರ್ ಕೊನೆಯ ಹತ್ತು ದಿನ ಕೈ ತಪ್ಪುತ್ತದೆ, ಆ ಹತ್ತು ದಿನಕ್ಕೆ ಮಳೆಗಾಲದ ಎರಡು ತಿಂಗಳ ತೂಕ ಇದೆ. ನಾನು ಜೂನ್‌ನಿಂದ ಸೆಪ್ಟೆಂಬರ್ ಕೊನೆಯ ತನಕ ತಿಂಗಳ ಲೆಕ್ಕ, ಆಮೇಲೆ ದಿನದ ಲೆಕ್ಕ ಮಾಡುತ್ತೇನೆ. ಕರಾರಿನಲ್ಲಿ ಬಿಡುವ ತಾರೀಕು ಸ್ಪಷ್ಟವಾಗಿರಲಿ. ಬಾಡಿಗೆದಾರರ ಪೊಲೀಸ್ ಪರಿಶೀಲನೆ ಗೋವಾದಲ್ಲಿ ಕಡ್ಡಾಯ, ಎರಡೇ ತಿಂಗಳಿಗೆ ಬಂದವರು ಅಂತ ಬಿಡಬೇಡಿ.

ಆ್ಯಪ್, ನೇರ ಬುಕಿಂಗ್, ಕಾಗದಪತ್ರ

ಹೊಸಬರಿಗೆ ಆ್ಯಪ್ ಇಲ್ಲದೆ ಆಗುವುದಿಲ್ಲ. ಎರಡು ಮೂರು ವರ್ಷ ಆದಮೇಲೆ ಹಳೆಯ ಅತಿಥಿಗಳು ನೇರವಾಗಿ ವಾಟ್ಸಾಪ್‌ನಲ್ಲೇ ಕೇಳುತ್ತಾರೆ. ಕಮಿಷನ್ ಉಳಿಯುತ್ತದೆ ಅಂತ ಎಲ್ಲರಿಗೂ ಅದೇ ಆಸೆ. ಕಮಿಷನ್‌ಗಿಂತ ನನಗೆ ಇಷ್ಟವಾಗುವುದು ಬೇರೆ ಒಂದು. ಎರಡನೇ ಸಲ ಬಂದವರಿಗೆ ಗೀಸರ್ ಸ್ವಿಚ್ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಹೂಂ ಅಂದ ಮರುಕ್ಷಣವೇ ಎಲ್ಲ ಆ್ಯಪ್‌ಗಳಲ್ಲೂ ಆ ದಿನ ಮುಚ್ಚಿ. ಕ್ಯಾಲೆಂಡರ್ ಲಿಂಕ್ ಮಾಡಿದ್ದೇನಲ್ಲ, ತಾನೇ ಆಗುತ್ತದೆ ಅಂತ ಕೂರಬೇಡಿ. ಅದು ಒಂದರಿಂದ ಒಂದಕ್ಕೆ ಹೋಗಲು ಕೆಲವು ಗಂಟೆ ಹಿಡಿಯುತ್ತದೆ. ಎರಡು ಕುಟುಂಬ ಒಂದೇ ಬಾಗಿಲಿಗೆ ಬಂದು ನಿಂತರೆ ಅವತ್ತಿನ ದಿನ ಮುಗಿಯಿತು.

ತೆರಿಗೆಯಲ್ಲೂ ಆ್ಯಪ್ ಬುಕಿಂಗ್‌ಗೆ ಬೇರೆ ಲೆಕ್ಕ ಇದೆ. ನಿಮ್ಮ ಪ್ಯಾನ್ ಮೇಲಿನ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ಆ್ಯಪ್‌ನವರೇ ಜಿಎಸ್‌ಟಿ ಕಟ್ಟುತ್ತಾರೆ. ದಿನದ ಬಾಡಿಗೆ 7,500ರ ತನಕದ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5, ಮೊದಲು 12 ಇತ್ತು. ನಾಲ್ಕನೇ ಮನೆ ಬೇಡ ಅನ್ನಲು ನನಗೆ ಇದೂ ಒಂದು ಕಾರಣ. ಮೂರಕ್ಕೇ 20 ಲಕ್ಷದ ಗೆರೆ ಹತ್ತಿರ ಕಾಣುತ್ತದೆ.

ಪ್ರವಾಸೋದ್ಯಮ ಇಲಾಖೆಯ ನೋಂದಣಿ ಮಾಡಿಸುವುದಾ, ಸುಮ್ನೆ ನಡೆಸುವುದಾ ಅಂತ ಯಾರಾದರೂ ಕೇಳಿದರೆ ಅದು ಆಯ್ಕೆಯೇ ಅಲ್ಲ. 1982ರ ಕಾಯ್ದೆ ಪ್ರಕಾರ ಗೋವಾದಲ್ಲಿ ಪ್ರವಾಸಿಗಳಿಗೆ ಮನೆ ಬಿಡುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಲೇಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ತುಂಬಬೇಕು, ನಾವೆಲ್ಲ ಫಾರ್ಮ್ ಸಿ ಅಂತ ಕರೆಯುವುದು ಅದನ್ನೇ. ಕದ್ದು ನಡೆಸಿದರೆ ಗೇಟಿನಲ್ಲಿ ಪೊಲೀಸ್ ಜೀಪು ನಿಂತಾಗಲೆಲ್ಲ ಬೆವರುವುದು ಬೇರೆ.

ರಾತ್ರಿ ಕೀಲಿ ಯಾರು ಕೊಡೋದು?

ನಂಬರ್ ಒತ್ತಿ ತೆರೆಯುವ ಬೀಗ ಹಾಕಿದರೆ ಅತಿಥಿ ಯಾವಾಗ ಬೇಕಾದರೂ ಬರಬಹುದು, ನಾವು ಮಲಗಬಹುದು ಅಂತ ಅಂಗಡಿಯವರು ಹೇಳುತ್ತಾರೆ. ನಾನೂ ಒಂದಕ್ಕೆ ಹಾಕಿಸಿದೆ. ಸಮುದ್ರದ ಉಪ್ಪು ಗಾಳಿಗೆ ಎರಡೇ ಮಳೆಗಾಲದಲ್ಲಿ ಬ್ಯಾಟರಿಯ ತಂತಿಗೆ ತುಕ್ಕು ಹಿಡಿಯಿತು. ಬಾಗಿಲು ತೆಗೆಯದೆ ರಾತ್ರಿ ಒಂದು ಗಂಟೆಗೆ ನನ್ನನ್ನೇ ಎಬ್ಬಿಸಿದರು. ಅದೂ ಅಲ್ಲದೆ ಅತಿಥಿಯ ಮುಖ, ಗುರುತಿನ ಚೀಟಿ ಒಂದು ಸಲವಾದರೂ ನೋಡಬೇಕು. ಇಬ್ಬರು ಅಂತ ಬುಕ್ ಮಾಡಿ ಏಳು ಜನ ಬರುವುದು ಗೋವಾದಲ್ಲಿ ದಿನನಿತ್ಯದ ಕಥೆ.

ನನ್ನದು ಈಗ ಹಳೇ ಪದ್ಧತಿ. ರಾತ್ರಿ 9ರ ತನಕ ನಮ್ಮ ಬಾದಾಮಿ ಜೋಡಿಯ ಆತ ಕೀಲಿ ಕೊಡುತ್ತಾನೆ. ಅದಕ್ಕಿಂತ ತಡ ಆಗುವವರು ಮೊದಲೇ ಗುರುತಿನ ಚೀಟಿ ಕಳಿಸಿ, ವಾಚ್‌ಮನ್ ಹತ್ತಿರ ಕೀಲಿ ತಗೊಳ್ಳಬೇಕು, ಅವನಿಗೆ ನೂರು ರೂಪಾಯಿ ನಾನು ಕೊಡುತ್ತೇನೆ. 10 ಗಂಟೆ ಮೇಲೆ ಹಾಡು ಹೊರಗೆ ಕೇಳಿಸಬಾರದು ಅಂತ ಬುಕಿಂಗ್‌ನಲ್ಲೇ ಬರೆದಿದ್ದೇನೆ, ಬಾಗಿಲ ಒಳಗೂ ಅಂಟಿಸಿದ್ದೇನೆ. ನನ್ನ ಫೋನು 10:30ಕ್ಕೆ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗುತ್ತದೆ. ಆಮೇಲೆ ನೀರು, ಕರೆಂಟು, ಆಸ್ಪತ್ರೆ ಈ ಮೂರಕ್ಕೆ ಮಾತ್ರ ಜೋಡಿಯ ಆತನ ನಂಬರ್. ಅದಕ್ಕೆ ಅವನಿಗೆ ಬೇರೆ ದುಡ್ಡು ಇದೆ. ವೈಫೈ ಪಾಸ್‌ವರ್ಡ್ ಏನು ಅಂತ ಕೇಳುವವರಿಗೆ ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಆದರೂ ಕೇಳುತ್ತಾರೆ, ಬೆಳಿಗ್ಗೆ ಉತ್ತರ ಕೊಡುತ್ತೇನೆ.

2027ರಲ್ಲಿ ಬನದ ಹುಣ್ಣಿಮೆ ಜನವರಿ 22, ಶುಕ್ರವಾರ. ಮರುದಿನದಿಂದ ವಾರಾಂತ್ಯ, 26ರ ಮಂಗಳವಾರ ಗಣರಾಜ್ಯೋತ್ಸವ. ಸೋಮವಾರ ಒಂದು ರಜೆ ಹಾಕಿದರೆ ನಾಲ್ಕು ದಿನ, ಪುಣೆ, ಬೆಂಗಳೂರಿನವರು ಬಿಡುತ್ತಾರಾ? ಆ್ಯಪ್ ಈಗಲೇ ದರ ಏರಿಸು ಅಂತ ಹೇಳುತ್ತಿದೆ. ನಾನು 21ರಿಂದ 25ರ ತನಕ ಎರಡು ಮನೆ ಮುಚ್ಚಿದ್ದೇನೆ. ಮೂರನೆಯದಕ್ಕೆ ಒಂದೇ ಕುಟುಂಬ, ಐದು ರಾತ್ರಿ, ಹಳೆಯ ಅತಿಥಿಗಳು. ಅದನ್ನು ನಾನೇ ಗುಡಿಸುತ್ತೇನೆ.